ಫೈಲುಗಳಿಲ್ಲದ ಭಾಷೆ ಗಿಟ್‌ಗೆ ಬಂದ ದಾರಿ

ಕಂಪ್ಯೂಟರ್ ಪ್ರೋಗ್ರಾಂ ಎಂದಕೂಡಲೇ ನಮಗೆ ನೆನಪಾಗುವುದು ಫೈಲುಗಳು. ಸ್ಮಾಲ್‌ಟಾಕ್ ಹಾಗಲ್ಲ. ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅಲನ್ ಕೇ, ಡಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಕಟ್ಟಿದ ಈ ಭಾಷೆಯಲ್ಲಿ ಕೋಡ್, ತೆರೆದಿಟ್ಟ ಕಿಟಕಿಗಳು, ಅರ್ಧಕ್ಕೆ ನಿಂತ ಕೆಲಸ ಎಲ್ಲವೂ 'ಇಮೇಜ್' ಎಂಬ ಒಂದೇ ಗಂಟಿನಲ್ಲಿ ಇರುತ್ತವೆ. ರಾತ್ರಿ ಸೇವ್ ಮಾಡಿ ಮಲಗಿದರೆ ಬೆಳಿಗ್ಗೆ ನಿಲ್ಲಿಸಿದ ಜಾಗದಿಂದಲೇ ಶುರು. ಮಾಡಿದ ಪ್ರತಿ ತಿದ್ದುಪಡಿಯೂ ಪಕ್ಕದ 'ಚೇಂಜಸ್' ಫೈಲಿನ ಕೊನೆಗೆ ಸೇರುತ್ತಾ ಹೋಗುವುದರಿಂದ, ಯಂತ್ರ ನಡುವೆ ಕೈಕೊಟ್ಟರೂ ಕೆಲಸ ಹಾಳಾಗುವುದಿಲ್ಲ.

ಒಬ್ಬರೇ ಇರುವವರೆಗೆ ಇದು ಸುಖ. ಇಬ್ಬರಾದರೆ ತಕರಾರು. ನಿಮ್ಮ ಇಮೇಜ್ ನಿಮ್ಮದು, ನನ್ನದು ನನಗೆ. ಒಂದರಿಂದ ಇನ್ನೊಂದಕ್ಕೆ ಕೋಡ್ ದಾಟಿಸಲು ಮೊದಲು ಇದ್ದದ್ದು 'ಚೇಂಜ್ ಸೆಟ್': ಬದಲಾದ ಭಾಗಗಳನ್ನಷ್ಟೇ ಪಠ್ಯವಾಗಿ ಹೊರತೆಗೆದು, ಇನ್ನೊಬ್ಬರು ತಮ್ಮ ಇಮೇಜಿನಲ್ಲಿ ಓದಿಸಿಕೊಳ್ಳುವುದು. ಯಾವುದರ ಮೇಲೆ ಯಾವುದನ್ನು ಹಾಕಬೇಕು ಎಂಬ ಕ್ರಮವನ್ನು ಮನುಷ್ಯರೇ ನೆನಪಿಡಬೇಕಿತ್ತು.

ಕಂಪನಿಗಳಿಗೆ ಅದು ಸಾಲಲಿಲ್ಲ. ಕೆನಡಾದ ಒಟ್ಟಾವಾದಲ್ಲಿ ಡೇವ್ ಥಾಮಸ್ ಕಟ್ಟಿದ ಓಟಿಐ ಕಂಪನಿಯ 'ಎನ್ವಿ' ಪ್ರತಿಯೊಂದು ಮೆಥಡ್ಡಿನ ಪ್ರತಿಯೊಂದು ಆವೃತ್ತಿಯನ್ನೂ ತಂಡಕ್ಕೆಲ್ಲ ಒಂದೇ ಆದ ಭಂಡಾರದಲ್ಲಿ ಇಟ್ಟಿತು. ಪ್ರತಿ ಕ್ಲಾಸಿಗೂ ಒಬ್ಬ ಯಜಮಾನ; ಆತ ಒಪ್ಪಿ ಬಿಡುಗಡೆ ಮಾಡಿದರಷ್ಟೇ ಬದಲಾವಣೆ ಎಲ್ಲರಿಗೂ ಸಲ್ಲುತ್ತಿತ್ತು. ಯಾವ ಭಾಗಕ್ಕೆ ಯಾವುದು ಮೊದಲೇ ಇರಬೇಕು ಎಂಬುದನ್ನೂ ಅದರಲ್ಲೇ ಬರೆದಿಡಬಹುದಿತ್ತು. ನನ್ನ ಲೆಕ್ಕದಲ್ಲಿ ಆ ಕಾಲಕ್ಕೆ ಇದು ತುಂಬ ಮುಂದಿನ ಯೋಚನೆ. ಓಟಿಐಯನ್ನು 1996ರಲ್ಲಿ ಐಬಿಎಂ ಕೊಂಡಿತು. ಎಕ್ಲಿಪ್ಸ್ ಹುಟ್ಟಿದ್ದೂ ಅದೇ ತಂಡದಿಂದ.

ಅದೇ 1996ರಲ್ಲಿ ಆಪಲ್‌ನಲ್ಲಿ ಇಂಗಲ್ಸ್, ಕೇ ಮುಂತಾದವರು 'ಸ್ಕ್ವೀಕ್' ಹೊರತಂದರು. ಇದು ಉಚಿತ, ಬಳಸುವವರು ದೇಶದೇಶಗಳಲ್ಲಿ ಚದುರಿದವರು. ಇವರಿಗೆ ಒಂದು ಕಚೇರಿಯ ಒಂದು ಭಂಡಾರ ಹೊಂದುವುದಿಲ್ಲ. ಅವರಿಗಾಗಿ ಆವಿ ಬ್ರಯಾಂಟ್ ಮತ್ತು ಕಾಲಿನ್ ಪಟ್ನಿ 'ಮಾಂಟಿಚೆಲ್ಲೊ' ಮಾಡಿದರು. ಪ್ಯಾಕೇಜಿನ ಪ್ರತಿ ಆವೃತ್ತಿಯೂ ಒಂದು ಜಿಪ್ ಫೈಲು. ಅದರ ಹೆಸರಿನಲ್ಲಿ ಬರೆದವರ ಇನಿಷಿಯಲ್ಲು ಮತ್ತು ಒಂದು ಸಂಖ್ಯೆ. 12ನೆಯದನ್ನು ಹಿಡಿದು ಇಬ್ಬರು ಬೇರೆಬೇರೆ ಕೂತು ತಿದ್ದಿದರೆ ಎರಡು 13 ಹುಟ್ಟುತ್ತವೆ. ಹೆಸರಿಡದೆಯೇ ಕವಲು ಒಡೆದಂತಾಯಿತು. ಪ್ರತಿ ಆವೃತ್ತಿಯೂ ತನ್ನ ವಂಶಾವಳಿಯನ್ನು ಒಳಗೇ ಹೊತ್ತಿರುವುದರಿಂದ ಎರಡನ್ನೂ ಮತ್ತೆ ಬೆಸೆಯಬಹುದು. (ಒಂದೇ ಸುದ್ದಿಯನ್ನು ಎರಡು ಆವೃತ್ತಿಯ ಡೆಸ್ಕುಗಳು ಬೇರೆಬೇರೆ ತಿದ್ದಿದಾಗ ನಮಗೆ ಈ ಅನುಕೂಲವಿಲ್ಲ.)

ಪ್ಯಾಕೇಜುಗಳು ಒಂದೊಂದಾಗಿ ಸರಿಯಿದ್ದವು. ಆದರೆ ಒಂದರ 40ನೆಯ ಆವೃತ್ತಿಗೆ ಇನ್ನೊಂದರ ಎಷ್ಟನೆಯದು ಜೋಡಿ? ಸ್ವಂತ ಇಮೇಜಿನಲ್ಲಿ ಎಲ್ಲವೂ ಇದ್ದೇ ಇರುವುದರಿಂದ ಬರೆದವರಿಗೆ ಕೊರತೆ ಕಾಣುವುದಿಲ್ಲ. ಖಾಲಿ ಇಮೇಜಿಗೆ ಇಳಿಸಿಕೊಂಡ ಅಪರಿಚಿತರಿಗೆ ಕಾಣುತ್ತದೆ. ಡೇಲ್ ಹೆನ್ರಿಕ್ಸ್ ಅವರ 'ಮೆಟಾಚೆಲ್ಲೊ' ಈ ಅವಲಂಬನೆಗಳನ್ನು ಒಂದು ಕ್ಲಾಸಿನಲ್ಲಿ ಬರೆದಿಡುವ ವ್ಯವಸ್ಥೆ. ಯೋಜನೆಯ ರಚನೆ 'ಬೇಸ್‌ಲೈನ್'ನಲ್ಲಿ, ನಿಖರ ಸಂಖ್ಯೆಗಳು 'ವರ್ಷನ್'ನಲ್ಲಿ.

ಇಲ್ಲಿ ಒಂದು ಗಂಟು ಉಳಿಯಿತು. ಸ್ಕ್ವೀಕ್ ಇಮೇಜಿನಲ್ಲಿ ಒಂದು ಹೆಸರಿಗೆ ಒಂದೇ ಕ್ಲಾಸು. ಎರಡು ಯೋಜನೆಗಳು ಮೂರನೆಯದೊಂದರ ಬೇರೆಬೇರೆ ಆವೃತ್ತಿ ಕೇಳಿದರೆ ಎರಡನ್ನೂ ಅಕ್ಕಪಕ್ಕ ಕೂರಿಸಲಾಗದು. ಯಾರಾದರೂ ಒಬ್ಬರು ಸೋಲಲೇಬೇಕು. ಮೆಟಾಚೆಲ್ಲೊ ಆಗ ನಿಂತು, ಯಾವುದು ಬೇಕು ಎಂದು ಕೇಳುತ್ತದೆ. ಬೇಕಾದ ಆವೃತ್ತಿಗೆ ಮೊದಲೇ ಬೀಗ ಹಾಕಿಡುವ ದಾರಿಯೂ ಇದೆ.

2008ರಲ್ಲಿ ಸ್ಕ್ವೀಕ್‌ನಿಂದ ಕವಲೊಡೆದ 'ಫಾರೋ' ಕೊನೆಗೆ ಗಿಟ್ ಕಡೆ ಹೊರಟಿತು. ಕ್ಲಾಸಿಗೊಂದು ಫೈಲು ಬರೆಯುವ 'ಟೋನೆಲ್', ಇಮೇಜಿನೊಳಗಿನಿಂದಲೇ ಗಿಟ್ ನಡೆಸುವ 'ಐಸ್‌ಬರ್ಗ್' ಬಂದವು. ಸಂಖ್ಯೆಗಳ ಹೊಣೆ ಗಿಟ್‌ಗೆ ಹೋಗಿ, ಮೆಟಾಚೆಲ್ಲೊದ ಕೈಯಲ್ಲಿ ಬೇಸ್‌ಲೈನ್ ಮಾತ್ರ ಉಳಿಯಿತು. ಅದರಲ್ಲಿ ಅವಲಂಬನೆಯ ಮುಂದೆ 'ಮಾಸ್ಟರ್' ಎಂದು ಬ್ರಾಂಚಿನ ಹೆಸರು ಬರೆದರೆ, ನಾಳೆ ಬೇರೆಯವರು ಅಲ್ಲಿ ಮಾಡುವ ಬದಲಾವಣೆಯೂ ಸದ್ದಿಲ್ಲದೆ ನಿಮ್ಮದಕ್ಕೆ ಬಂದು ಸೇರುತ್ತದೆ. ಟ್ಯಾಗ್ ಬರೆದರೆ ಅದು ನಿಂತಲ್ಲೇ ನಿಲ್ಲುತ್ತದೆ.

ಆದರೂ ಇಮೇಜ್ ಹೋಗಿಲ್ಲ. ಹೊರಗಿನ ಟರ್ಮಿನಲ್ಲಿನಲ್ಲಿ ಬ್ರಾಂಚ್ ಬದಲಿಸಿದರೆ ಬದಲಾಗುವುದು ಡಿಸ್ಕಿನ ಫೈಲುಗಳಷ್ಟೇ. ಒಳಗೆ ಹಳೆಯ ಕೋಡ್ ಓಡುತ್ತಲೇ ಇರುತ್ತದೆ, ಮತ್ತು ಎರಡರ ಕೊಂಡಿ ಕಳಚಿದೆ ಎಂದು ಐಸ್‌ಬರ್ಗ್ ಎಚ್ಚರಿಸುತ್ತದೆ.