ಹಿಮದ ಹಾದಿ ಮತ್ತು ಉಪ್ಪಿನ ಬದಲಿಗಳು

ಮಂಜುಗಡ್ಡೆ ಕಟ್ಟಿದ ಹಾದಿಯನ್ನು ಕರಗಿಸಲೇಬೇಕು ಎಂಬ ಹಟ ಉತ್ತರ ಅಮೆರಿಕದಲ್ಲಿ ಬೇರೂರಿದ್ದು ಮೋಟಾರು ವಾಹನಗಳು ಬಂದ ಮೇಲೆ. 19ನೆಯ ಶತಮಾನದ ನ್ಯೂ ಇಂಗ್ಲೆಂಡ್ ಪ್ರದೇಶದ ಹಳ್ಳಿಗಳಲ್ಲಿ ಚಳಿಗಾಲದ ಓಡಾಟವೆಲ್ಲ ಕುದುರೆ ಎಳೆಯುವ ಜಾರುಬಂಡಿಗಳಲ್ಲಿ ನಡೆಯುತ್ತಿತ್ತು. ಅವುಗಳಿಗೆ ಹಿಮ ಗಟ್ಟಿಯಾಗಿ ಕೂತಿರಬೇಕು. ಆದ್ದರಿಂದ ಊರಿನವರು ಮರದ ದೊಡ್ಡ ಉರುಳೆಗಳನ್ನು ಎಳೆಸಿ ಹಿಮವನ್ನು ಅದುಮುತ್ತಿದ್ದರು. ಚಾವಣಿಯಿದ್ದ ಮರದ ಸೇತುವೆಗಳೊಳಗೆ ಹಿಮ ಬೀಳುವುದಿಲ್ಲವಾದ್ದರಿಂದ ಹೊರಗಿನಿಂದ ಸಲಿಕೆಯಲ್ಲಿ ತಂದು ಹರಡುವುದೂ ಇತ್ತು. ಮನೆಯ ಮೆಟ್ಟಿಲು ಮತ್ತು ಅಂಗಳದ ದಾರಿಗೆ ಒಲೆಯ ಬೂದಿ, ಕಲ್ಲಿದ್ದಲು ಉರಿದುಳಿದ ಕಿಟ್ಟ ಅಥವಾ ಮರಳು ಸಾಕಾಗುತ್ತಿತ್ತು. ಇವು ಮಂಜುಗಡ್ಡೆಯನ್ನು ಕರಗಿಸದಿದ್ದರೂ ಕಾಲಿಗೆ ಹಿಡಿತ ಕೊಡುತ್ತಿದ್ದವು.

ಕಾರುಗಳು ಹೆಚ್ಚಿದಾಗ ರಸ್ತೆಗೂ ಮರಳನ್ನೇ ಹಾಕಲಾಯಿತು. ಒದ್ದೆ ಮರಳಿನ ರಾಶಿ ಚಳಿಗೆ ಹೆಪ್ಪುಗಟ್ಟದಿರಲೆಂದು ಅದಕ್ಕೆ ಸ್ವಲ್ಪ ಉಪ್ಪು ಬೆರೆಸುತ್ತಿದ್ದರು. ನ್ಯೂ ಹ್ಯಾಂಪ್‌ಶೈರ್ ರಾಜ್ಯ 1938ರಲ್ಲಿ ಉಪ್ಪನ್ನೇ ಪ್ರಯೋಗಿಸಿ ನೋಡಿತು. 1941–42ರ ಚಳಿಗಾಲದಲ್ಲಿ ಇಡೀ ಅಮೆರಿಕದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್ ಮಾತ್ರ. ಎರಡನೆಯ ಮಹಾಯುದ್ಧದ ನಂತರ ಚಳಿಗಾಲದಲ್ಲೂ ಡಾಂಬರು ಬರಿದಾಗಿ ಕಾಣಬೇಕೆಂಬುದು ಹೆದ್ದಾರಿ ಇಲಾಖೆಗಳ ನೀತಿಯಾಯಿತು. ಅಗ್ಗವಾಗಿ ಸಿಗುವ ಕಲ್ಲುಪ್ಪು ಆಗ ಮನೆಯಂಗಳಕ್ಕೂ ಕಾಲಿಟ್ಟಿತು.

ಉಪ್ಪು ಕರಗಿದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಪ್ರಯೋಗಾಲಯದಲ್ಲಿ ಉಪ್ಪುನೀರು ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ದ್ರವವಾಗಿ ಉಳಿಯಬಲ್ಲದು. ರಸ್ತೆಯಲ್ಲಿ ಮಾತ್ರ ಮೈನಸ್ 9ರ ಆಸುಪಾಸಿನಲ್ಲೇ ಅದರ ಕೆಲಸ ತೀರಾ ನಿಧಾನವಾಗುತ್ತದೆ. ಹರಿದುಹೋದ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿತು, ರಸ್ತೆಬದಿಯ ಮೇಪಲ್ ಮರಗಳನ್ನು ಒಣಗಿಸಿತು, ಬಾವಿಗಳಿಗೂ ಇಳಿಯಿತು. ಕುಡಿಯುವ ನೀರಿನಲ್ಲಿ ಸೋಡಿಯಂ ಹೆಚ್ಚಿದ ಕಾರಣ ಮ್ಯಾಸಚೂಸೆಟ್ಸ್‌ನ ಬರ್ಲಿಂಗ್ಟನ್ ಪಟ್ಟಣ 1970ರಲ್ಲಿ ತನ್ನ ಬೀದಿಗಳಿಗೆ ಉಪ್ಪು ಹಾಕುವುದನ್ನೇ ನಿಷೇಧಿಸಿತು. ರಸ್ತೆಯ ಉಪ್ಪು ಪರಿಸರಕ್ಕೆ ಹಾನಿಕರ ಎಂದು ಕೆನಡಾ ಸರ್ಕಾರದ ಪರಿಶೀಲನೆ 2001ರಲ್ಲಿ ತೀರ್ಮಾನಿಸಿತು.

ಬದಲಿಗಳ ಹುಡುಕಾಟ ಮೊದಲು ರಸಾಯನಗಳತ್ತ ಹೊರಳಿತು. ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಕರಗುವಾಗ ತಾನೇ ಬಿಸಿ ಹೊಮ್ಮಿಸುತ್ತದೆ. ಕಡುಚಳಿಯಲ್ಲೂ ಕೆಲಸ ಮಾಡುತ್ತದೆ. ಆದರೆ ಅದೂ ಮೆಗ್ನೀಸಿಯಂ ಕ್ಲೋರೈಡೂ ಕ್ಲೋರೈಡ್‌ಗಳೇ ಆದ್ದರಿಂದ ತುಕ್ಕಿನ ಕಾಟ ತಪ್ಪಲಿಲ್ಲ. ಗೊಬ್ಬರವಾಗಿ ಬಳಕೆಯಲ್ಲಿದ್ದ ಯೂರಿಯಾ ಲೋಹವನ್ನು ತಿನ್ನುವುದಿಲ್ಲವೆಂದು ವಿಮಾನ ನಿಲ್ದಾಣಗಳಿಗೆ ಹಿಡಿಸಿತು. ಅದು ನೀರಿಗೆ ಸೇರಿ ಅಮೋನಿಯಾ ಆಗಿ ಮೀನುಗಳಿಗೆ ಕುತ್ತು ತರುವುದರಿಂದ ಅಮೆರಿಕ 2012ರ ನಿಯಮದಲ್ಲಿ ಅದಕ್ಕೆ ಕಡಿವಾಣ ಹಾಕಿತು. ಡಾಲೊಮೈಟ್ ಸುಣ್ಣಕ್ಕೆ ಅಸಿಟಿಕ್ ಆಮ್ಲ ಸೇರಿಸಿ ತಯಾರಿಸುವ ಕ್ಯಾಲ್ಸಿಯಂ ಮೆಗ್ನೀಸಿಯಂ ಅಸಿಟೇಟ್ 1970ರ ದಶಕದ ಕೊನೆಯಿಂದ ದೊಡ್ಡ ಭರವಸೆ ಹುಟ್ಟಿಸಿತ್ತು. ತುಕ್ಕಿನ ಭಯ ಕಡಿಮೆ, ಮಣ್ಣಿಗೂ ಅಷ್ಟಾಗಿ ಕೆಡುಕಿಲ್ಲ. ಬೆಲೆ ಮಾತ್ರ ಉಪ್ಪಿನ 20 ಪಟ್ಟಿಗೂ ಹೆಚ್ಚು ಎಂದು 1991ರಲ್ಲಿ ಅಮೆರಿಕದ ಸಾರಿಗೆ ಸಂಶೋಧನಾ ಮಂಡಳಿಯ ವರದಿ ಲೆಕ್ಕ ಕೊಟ್ಟಿತು. ಸೂಕ್ಷ್ಮವಾದ ಸೇತುವೆ ಮತ್ತು ಜಲಮೂಲಗಳ ಬಳಿಗಷ್ಟೇ ಅದರ ಬಳಕೆ ಸೀಮಿತವಾಯಿತು.

ಮುಂದೆ ಆಹಾರ ಕಾರ್ಖಾನೆಗಳು ಹೊರಗೆ ಚೆಲ್ಲುವ ನೀರಿನತ್ತ ಕಣ್ಣು ಬಿತ್ತು. ಸಕ್ಕರೆ ಬೀಟ್ ಗೆಡ್ಡೆಯ ಕಂದು ಪಾಕವನ್ನು ಉಪ್ಪುನೀರಿಗೆ ಬೆರೆಸಿದರೆ ಅದು ರಸ್ತೆಗೆ ಅಂಟಿಕೊಳ್ಳುತ್ತದೆ, ಕಡಿಮೆ ಉಪ್ಪು ಸಾಲುತ್ತದೆ. ವಿಸ್ಕಾನ್ಸಿನ್ ರಾಜ್ಯದ ಪೋಕ್ ಕೌಂಟಿ, ಚೀಸ್ ನೆನೆಹಾಕಿದ ಉಪ್ಪುನೀರನ್ನು ಡೇರಿಗಳಿಂದ ತಂದು ರಸ್ತೆಗೆ ಸಿಂಪಡಿಸಿತು; 2013–14ರ ಚಳಿಗಾಲದಲ್ಲಿ ಮಿಲ್ವಾಕಿ ನಗರವೂ ಅದನ್ನು ಪರೀಕ್ಷಿಸಿತು. ಆದರೆ ಇಂಥ ಸಾವಯವ ಪಾಕ ಹಳ್ಳಕೊಳ್ಳ ಸೇರಿದಾಗ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ.

ಏನನ್ನೂ ಸುರಿಯದೆ ಹಾದಿಯನ್ನೇ ಬೆಚ್ಚಗಿಡುವುದು ಮತ್ತೊಂದು ದಾರಿ. ಆರೆಗನ್ ರಾಜ್ಯದ ಕ್ಲಾಮತ್ ಫಾಲ್ಸ್‌ನಲ್ಲಿ 1948ರಲ್ಲಿ ಏರುರಸ್ತೆಯೊಂದರ ಅಡಿಗೆ ಕೊಳವೆ ಹಾಸಿ ಭೂಮಿಯ ಶಾಖವನ್ನು ಹರಿಸಲಾಯಿತು. ಅದು ಸುಮಾರು ಅರ್ಧ ಶತಮಾನ ಬಾಳಿತು. ಮಿಷಿಗನ್‌ನ ಹಾಲೆಂಡ್ ಪಟ್ಟಣ 1988ರಿಂದ ವಿದ್ಯುತ್ ಸ್ಥಾವರದ ವ್ಯರ್ಥ ಶಾಖದಿಂದ ಪೇಟೆಯ ಬೀದಿ, ಫುಟ್‌ಪಾತ್‌ಗಳ ಹಿಮ ಕರಗಿಸುತ್ತಿದೆ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಮನೆಗಳನ್ನು ಬೆಚ್ಚಗಾಗಿಸಿ ಹೊರಬರುವ ಬಿಸಿನೀರಿನ ಉಳಿಕೆ ಕಾಲುದಾರಿಗಳ ಕೆಳಗೆ ಹರಿಯುತ್ತದೆ. ಶಾಖ ಪುಕ್ಕಟೆಯಾಗಿ ಸಿಗುವ ಊರಿಗೆ ಮಾತ್ರ ಇದು ಎಟುಕುವ ಮಾತು.

ಜರ್ಮನಿಯ ಹಲವು ನಗರಗಳು ಕಾಲುದಾರಿಗಳ ಮಟ್ಟಿಗೆ ಹಳೆಯ ಜಾಡಿಗೇ ಮರಳಿದವು. ಬರ್ಲಿನ್‌ನಲ್ಲಿ ಬೀದಿಮರಗಳ ರಕ್ಷಣೆಗಾಗಿ ನಿವಾಸಿಗಳು ಕಾಲುದಾರಿಗೆ ಉಪ್ಪು ಹಾಕುವಂತಿಲ್ಲ. ಹಿಮ ಎತ್ತಿ, ಮರಳು ಅಥವಾ ಸಣ್ಣ ಜಲ್ಲಿ ಎರಚಬೇಕು. ಮರಳಿಗೂ ದೋಷವಿದೆ: ಕರಗಿದ ಹಿಮದೊಂದಿಗೆ ಚರಂಡಿಗಿಳಿದು ಹೂಳಾಗುತ್ತದೆ. ಹೀಗಾಗಿ ವಸಂತದಲ್ಲಿ ಅದನ್ನು ಗುಡಿಸಿ ತೆಗೆಯುವ ಕೆಲಸವೂ ಸೇರಿಕೊಳ್ಳುತ್ತದೆ.

ಅಗ್ಗವೂ ನಿರಪಾಯವೂ ಆದ ಬದಲಿ ಈವರೆಗೆ ಸಿಕ್ಕಿಲ್ಲ. ಒಂದು ಮನೆಯ ಅಂಗಳದ ಮಟ್ಟಿಗಾದರೆ, ಹಿಮ ತುಳಿತಕ್ಕೆ ಸಿಕ್ಕಿ ಗಡ್ಡೆಯಾಗುವ ಮುನ್ನವೇ ಸಲಿಕೆಯಿಂದ ಎತ್ತಿ, ಜಾರುವ ಕಡೆ ಒಂದಿಷ್ಟು ಮರಳು ಹಾಕುವುದೇ ಇಂದಿಗೂ ಕಡಿಮೆ ಖರ್ಚಿನ, ಕಡಿಮೆ ಕೆಡುಕಿನ ಉಪಾಯ.