ಸಭಿಕರ ಸಾಲಿನಲ್ಲೊಂದು ಪುಟ್ಟ ಮೈಕು

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದಲ್ಲಿ ಲಯನೆಲ್ ಮೇಪಲ್‌ಸನ್ ಎಂಬ ಗ್ರಂಥಪಾಲಕನಿದ್ದ. ಗಾಯಕರಿಗೂ ವಾದ್ಯವೃಂದಕ್ಕೂ ಬೇಕಾದ ಸ್ವರಪ್ರತಿಗಳನ್ನು ಹೊಂದಿಸಿಕೊಡುವುದು ಅವನ ಕೆಲಸ. 1900ರಲ್ಲಿ ಅವನು ಮನೆಬಳಕೆಗೆಂದು ತಯಾರಾದ ಎಡಿಸನ್ ಫೋನೋಗ್ರಾಫ್ ಒಂದನ್ನು ಕೊಂಡ. ಮರುವರ್ಷದಿಂದ 1903ರವರೆಗೆ, ರಂಗದ ಮೇಲೆ ಪ್ರದರ್ಶನ ನಡೆಯುತ್ತಿರುವಾಗಲೇ, ಮೇಣದ ಸಿಲಿಂಡರುಗಳ ಮೇಲೆ ಹಾಡುಗಳನ್ನು ಹಿಡಿದಿಟ್ಟ. ಒಂದೊಂದು ಸಿಲಿಂಡರಿನ ಅವಧಿ ಸುಮಾರು ಎರಡು ನಿಮಿಷ. ಮೊದಲು ಯಂತ್ರವನ್ನು ರಂಗದ ಮುಂಭಾಗದಲ್ಲಿ, ಗಾಯಕರಿಗೆ ಸಾಲು ನೆನಪಿಸುವ ಪ್ರಾಂಪ್ಟರನ ಗೂಡಿನಲ್ಲಿ ಇಟ್ಟಿದ್ದ. ಆಮೇಲೆ ದೊಡ್ಡ ಹಾರ್ನ್ ಜೋಡಿಸಿಕೊಂಡು, ಪ್ರೇಕ್ಷಕರ ಕಣ್ಣಿಗೆ ಬೀಳದ ಹಾಗೆ ರಂಗದಿಂದ ಸುಮಾರು 40 ಅಡಿ ಮೇಲಿನ ಅಟ್ಟಕ್ಕೆ ಏರಿಸಿದ.

ಆ ಸಿಲಿಂಡರುಗಳಲ್ಲಿ ಹಾಡಿಗಿಂತ ಕರಕರ ಸದ್ದೇ ಹೆಚ್ಚು. ಗಾಯಕಿ ರಂಗದ ಆ ಮೂಲೆಗೆ ನಡೆದರೆ ಧ್ವನಿ ಮುಳುಗುತ್ತದೆ, ಈಚೆ ಬಂದರೆ ಮೇಲೇಳುತ್ತದೆ. ಆದರೂ ಆ ಕಾಲದ ಮಹಾ ಟೆನರ್ ಜ್ಯಾನ್ ಡ ರೆಸ್ಕೆಯ ಕಂಠ ನಮ್ಮ ಪಾಲಿಗೆ ಉಳಿದಿರುವುದು ಅಲ್ಲಿ ಮಾತ್ರ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1985ರಲ್ಲಿ ಈ ಸಿಲಿಂಡರುಗಳನ್ನು ಎಲ್‌ಪಿ ತಟ್ಟೆಗಳ ಸಂಪುಟವಾಗಿ ಹೊರತಂದಿತು. ಕಂಪನಿಗಳು ಗಾಯಕರನ್ನು ಕೋಣೆಯೊಳಗೆ ನಿಲ್ಲಿಸಿ ಮುದ್ರಿಸಿಕೊಳ್ಳುತ್ತಿದ್ದ ದಿನಗಳಲ್ಲಿ, ಸಭೆಯ ಚಪ್ಪಾಳೆಯ ಸಮೇತ ಸಂಗೀತವನ್ನು ಹಿಡಿಯಬೇಕೆಂಬ ಹಂಬಲ ಒಬ್ಬ ಗ್ರಂಥಪಾಲಕನಿಗೆ ಹುಟ್ಟಿತ್ತು. ಮುಂದಿನ ನೂರು ವರ್ಷ ಅದೇ ಹಂಬಲ ಹೊತ್ತವರಿಗೆಲ್ಲ ಎದುರಾದದ್ದು ಒಂದೇ ಪ್ರಶ್ನೆ: ಧ್ವನಿಯನ್ನು ಹಿಡಿಯುವ ಸಲಕರಣೆಯನ್ನು ಎಲ್ಲಿಡುವುದು, ಅದಕ್ಕೆ ಎಷ್ಟು ದುಡ್ಡು ಸುರಿಯುವುದು?

1941ರಲ್ಲಿ ಜೆರ‍್ರಿ ನ್ಯೂಮನ್ ಎಂಬ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ, ತಟ್ಟೆ ಕೊರೆಯುವ ಯಂತ್ರವನ್ನು ಹೊತ್ತು ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ಗೆ ಹೋದ. ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅಲ್ಲಿ ತಡರಾತ್ರಿಯವರೆಗೆ ನುಡಿಸುತ್ತಿದ್ದುದನ್ನು ಮುದ್ರಿಸಿಕೊಂಡ. ಮರುವರ್ಷದ ಮಾರ್ಚ್ ತಿಂಗಳಲ್ಲಿ, ಇನ್ನೂ 25 ವರ್ಷದ ಕ್ರಿಶ್ಚಿಯನ್ ಕ್ಷಯದಿಂದ ತೀರಿಕೊಂಡ. ಬೀಬಾಪ್ ಎಂಬ ಹೊಸ ಜಾಝ್ ರೂಪುಗೊಳ್ಳುತ್ತಿದ್ದ ಗಳಿಗೆಯ ಸಾಕ್ಷ್ಯಗಳಲ್ಲಿ ಆ ತಟ್ಟೆಗಳಿಗೆ ದೊಡ್ಡ ಸ್ಥಾನವಿದೆ.

ಡೀನ್ ಬೆನೆಡೆಟ್ಟಿಯ ಹಂಬಲ ಇನ್ನೂ ತೀವ್ರವಾದದ್ದು. ತಾನೇ ಸ್ಯಾಕ್ಸಫೋನ್ ನುಡಿಸುತ್ತಿದ್ದ ಅವನಿಗೆ ಚಾರ್ಲಿ ಪಾರ್ಕರ್ ಎಂದರೆ ಪ್ರಾಣ. 1947ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್‌ನ ಹೈ-ಡಿ-ಹೋ ಕ್ಲಬ್ಬಿನಲ್ಲಿ ತಟ್ಟೆಗಳ ಮೇಲೆ, ಮರುವರ್ಷ ನ್ಯೂಯಾರ್ಕಿನಲ್ಲಿ ಕಾಗದದ ಟೇಪಿನ ಮೇಲೆ ಪಾರ್ಕರನನ್ನು ಮುದ್ರಿಸಿದ. ಪಾರ್ಕರ್ ಊದುವುದು ನಿಂತ ಕೂಡಲೇ ಯಂತ್ರವೂ ನಿಲ್ಲುತ್ತಿತ್ತು. ಉಳಿದವರ ಸೊಲೊಗಳಿಗೆ ಅವನು ತಟ್ಟೆ ಖರ್ಚು ಮಾಡಲಿಲ್ಲ. ಬೆನೆಡೆಟ್ಟಿ 1957ರಲ್ಲಿ ತೀರಿಹೋದ. ಆ ಮುದ್ರಿಕೆಗಳನ್ನು ಮೊಸಾಯಿಕ್ ಸಂಸ್ಥೆ 7 ಸಿ.ಡಿ.ಗಳಾಗಿ ಹೊರತಂದದ್ದು 1990ರಲ್ಲಿ. ಒಬ್ಬ ಅಭಿಮಾನಿಯ ಕಿವಿ ಏನನ್ನು ಬೇಕೆಂದಿತು, ಏನನ್ನು ಬೇಡವೆಂದಿತು ಎಂಬುದೂ ಆ ತುಂಡುಗಳಲ್ಲಿ ದಾಖಲಾಗಿಬಿಟ್ಟಿದೆ.

ಇವರ ಯಂತ್ರಗಳನ್ನು ಬಚ್ಚಿಡುವ ಮಾತೇ ಇರಲಿಲ್ಲ. ಬಚ್ಚಿಡಬಹುದಾದ ಮೈಕು ಇನ್ನೂ ಹುಟ್ಟಿರಲಿಲ್ಲ. ಡೈನಮಿಕ್ ಮೈಕು ಗಟ್ಟಿಮುಟ್ಟು, ಅಗ್ಗ, ವಿದ್ಯುತ್ತಿನ ಹಂಗಿಲ್ಲ. ಆದರೆ ಅದು ಬಾಯಿಯ ಹತ್ತಿರ ಹಿಡಿಯಬೇಕಾದ ಸಾಧನ. ಹಿಂದಿನ ಸಾಲಿನಲ್ಲಿ ಕೂತವನಿಗೆ ಅದು ಕೊಡುವುದು ಮಬ್ಬು ಧ್ವನಿಯನ್ನು. ದೂರದ ಸೂಕ್ಷ್ಮವನ್ನೂ ಹಿಡಿಯುತ್ತಿದ್ದದ್ದು ಕಂಡೆನ್ಸರ್ ಮೈಕು. ಅದರೊಳಗಿನ ತೆಳುಪೊರೆ ಮತ್ತು ಲೋಹದ ಫಲಕದ ನಡುವೆ ಸದಾ ವಿದ್ಯುತ್ ಒತ್ತಡ ಇರಬೇಕು. ಅದಕ್ಕಾಗಿ ಬೇರೆಯದೇ ಪವರ್ ಪೆಟ್ಟಿಗೆ, ದಪ್ಪ ಕೇಬಲ್ಲು, ಮೇಲೆ ಸಾಮಾನ್ಯರ ಕೈಗೆ ಎಟುಕದ ಬೆಲೆ.

ಈ ಗಂಟನ್ನು ಬಿಡಿಸಿದವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಇಬ್ಬರು: ಜರ್ಮನಿಯಿಂದ ಬಂದ ಗೆರ್ಹಾರ್ಡ್ ಸೆಸ್ಲರ್ ಮತ್ತು ವರ್ಜೀನಿಯಾದಲ್ಲಿ ಹುಟ್ಟಿದ ಕಪ್ಪು ವಿಜ್ಞಾನಿ ಜೇಮ್ಸ್ ವೆಸ್ಟ್. ಕೆಲವು ಬಗೆಯ ಪ್ಲಾಸ್ಟಿಕ್ ಹಾಳೆಗಳಿಗೆ ಒಮ್ಮೆ ವಿದ್ಯುದಾವೇಶ ಕೊಟ್ಟರೆ, ಬ್ಯಾಟರಿ ತೆಗೆದ ಮೇಲೂ ಅದು ಅಲ್ಲೇ ಉಳಿಯುವುದನ್ನು ಅವರು ಕಂಡರು. ಹೀಗೆ ಆವೇಶವನ್ನು ಹಿಡಿದಿಡುವ ವಸ್ತುವಿಗೆ ಎಲೆಕ್ಟ್ರೆಟ್ ಎನ್ನುತ್ತಾರೆ. ಮೇಣದಿಂದ ಮಾಡಿದ ಎಲೆಕ್ಟ್ರೆಟ್ಟುಗಳು ಜಪಾನಿನಲ್ಲಿ 1920ರ ಆಸುಪಾಸಿನಲ್ಲೇ ಬಂದಿದ್ದವು. ಮೈಕಿನ ಪೊರೆಯಾಗುವಷ್ಟು ತೆಳುವಾದ ಹಾಳೆ ಮಾತ್ರ ಸಿಕ್ಕಿರಲಿಲ್ಲ. ಸೆಸ್ಲರ್ ಮತ್ತು ವೆಸ್ಟ್ 1962ರಲ್ಲಿ ತಮ್ಮ ಮೈಕನ್ನು ಪ್ರಕಟಿಸಿದರು, 1964ರಲ್ಲಿ ಪೇಟೆಂಟ್ ಬಂತು. ಟೆಫ್ಲಾನ್ ಹಾಳೆ ಆವೇಶವನ್ನು ವರ್ಷಗಟ್ಟಲೆ ಬಿಟ್ಟುಕೊಡುವುದಿಲ್ಲ. ಇನ್ನು ಬೇಕಾದದ್ದು ಕ್ಯಾಪ್ಸೂಲಿನೊಳಗೆ ಕೂತ ಸಣ್ಣ ಟ್ರಾನ್ಸಿಸ್ಟರಿಗೆ ಒಂದೆರಡು ವೋಲ್ಟ್, ಅಷ್ಟೆ. 1960ರ ದಶಕ ಮುಗಿಯುವ ಹೊತ್ತಿಗೆ ಈ ಮೈಕುಗಳು ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ತಯಾರಾಗತೊಡಗಿದವು. ಸಂಗೀತ ಪ್ರಪಂಚದ ಮೇಲೆ ಈ ಸಂಶೋಧನೆಯ ಋಣ ದೊಡ್ಡದು, ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ಕಡಿಮೆ.

ಅಷ್ಟರಲ್ಲಿ ಕದ್ದು ಮುದ್ರಿಸುವವರ ಹುರುಪಿಗೇನೂ ಕೊರತೆಯಿರಲಿಲ್ಲ. 1969ರ ನವೆಂಬರ್ 9ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಕಛೇರಿಯನ್ನು ಡಬ್ ಎಂದೇ ಹೆಸರಾದವನೊಬ್ಬ ಸೆನ್‌ಹೈಸರ್ 805 ಶಾಟ್‌ಗನ್ ಮೈಕು, ಊಹರ್ 4000 ಸ್ಪೂಲ್ ರೆಕಾರ್ಡರ್ ಬಳಸಿ ಮುದ್ರಿಸಿಕೊಂಡ. ಶಾಟ್‌ಗನ್ ಮೈಕಿನ ಉದ್ದನೆಯ ಕೊಳವೆ ಅಕ್ಕಪಕ್ಕದ ಗದ್ದಲವನ್ನು ತಗ್ಗಿಸಿ ಎದುರಿನದನ್ನೇ ಹೆಚ್ಚು ಕೇಳಿಸಿಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಆ ಮುದ್ರಿಕೆ ಕಳ್ಳ ಎಲ್‌ಪಿಯಾಗಿ ಅಂಗಡಿಗಳಿಗೆ ಬಂತು. ಅದೇ ಪ್ರವಾಸದ ಅಧಿಕೃತ ತಟ್ಟೆ ಹೊರಬಂದದ್ದು 1970ರಲ್ಲಿ. ಲಾಸ್ ಏಂಜಲಿಸ್‌ನ ಮೈಕ್ ಮಿಲ್ಲರ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದ. ನಕಾಮಿಚಿ 550 ಕ್ಯಾಸೆಟ್ ಡೆಕ್ಕು, ಏಕೆಜಿ 451ಇ ಕಂಡೆನ್ಸರ್ ಮೈಕುಗಳು ಅವನ ಬಳಿ ಇದ್ದವು. ಡೆಕ್ಕು ಜೇಬಿಗೆ ಇಳಿಯುವಂಥದ್ದಲ್ಲ. ಆದ್ದರಿಂದ ಚೆನ್ನಾಗಿ ನಡೆಯಬಲ್ಲ ಮಿಲ್ಲರ್ಡ್ ಗಾಲಿಕುರ್ಚಿಯಲ್ಲಿ ಕೂತು, ಯಂತ್ರವನ್ನು ಅದರಲ್ಲಿ ಅಡಗಿಸಿಕೊಂಡು ಒಳಗೆ ಹೋಗುತ್ತಿದ್ದ. 1977ರ ಜೂನ್ 21ರಂದು ಲೆಡ್ ಝೆಪ್ಪೆಲಿನ್ ತಂಡದ ಕಾರ್ಯಕ್ರಮವನ್ನು ಹಾಗೆ ಮುದ್ರಿಸಿದ ಟೇಪಿಗೆ ಇಂದಿಗೂ ಬೇಡಿಕೆಯಿದೆ.

ಗ್ರೇಟ್‌ಫುಲ್ ಡೆಡ್ ತಂಡದ ಅಭಿಮಾನಿಗಳದು ಬೇರೆಯೇ ದಾರಿ. ಆ ತಂಡ ಒಂದು ಹಾಡನ್ನು ಎರಡು ರಾತ್ರಿ ಒಂದೇ ರೀತಿ ನುಡಿಸಿದ್ದಿಲ್ಲ, ಹಾಗಾಗಿ ಪ್ರತಿ ರಾತ್ರಿಯನ್ನೂ ಹಿಡಿಯಬೇಕೆಂಬ ಆಸೆ. ಟೇಪುಗಳನ್ನು ಮಾರುವಂತಿಲ್ಲ, ಒಂದಕ್ಕೊಂದು ಬದಲಾಯಿಸಿಕೊಳ್ಳಬೇಕು ಎಂಬ ಕಟ್ಟುಪಾಡು ಬಳಗದೊಳಗೇ ಬೆಳೆದುಬಂತು. 1980ರ ದಶಕದ ಹೊತ್ತಿಗೆ ಎತ್ತರದ ಸ್ಟ್ಯಾಂಡುಗಳ ಕಾಡು ಬೆಳೆದು ಉಳಿದವರಿಗೆ ವೇದಿಕೆಯೇ ಕಾಣದಂತಾದಾಗ, ತಂಡ ಅವರನ್ನು ಹೊರಗೆ ಅಟ್ಟಲಿಲ್ಲ. 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಕಾರ್ಯಕ್ರಮದಿಂದ, ಸೌಂಡ್ ಎಂಜಿನಿಯರನ ಹಿಂದೆ ಟೇಪು ಮಾಡುವವರಿಗೆಂದೇ ಜಾಗ ಮೀಸಲಿಟ್ಟು ಬೇರೆ ಟಿಕೆಟ್ ಮಾರಿತು. ಕಲಾವಿದರಿಂದ ಕೇಳುಗರಿಗೆ ಇದಕ್ಕಿಂತ ದೊಡ್ಡ ಗೌರವ ಸಂದ ಉದಾಹರಣೆ ಆ ಕಾಲದಲ್ಲಿ ಸಿಕ್ಕುವುದು ಕಷ್ಟ.

ಇಂಥ ಅನುಮತಿ ಇಲ್ಲದ ಕಡೆ ಕೆಲಸಕ್ಕೆ ಬಂದದ್ದು ಎಲೆಕ್ಟ್ರೆಟ್. 1980ರ ದಶಕದಲ್ಲಿ ಸೋನಿಯ ವಾಕ್‌ಮನ್ ಪ್ರೊಫೆಷನಲ್, ಆಮೇಲೆ ಡಿಜಿಟಲ್ ಟೇಪಿನ ಪುಟ್ಟ ಡ್ಯಾಟ್ ಯಂತ್ರ, ಮಿನಿಡಿಸ್ಕ್ ಬಂದು ರೆಕಾರ್ಡರ್ ಜೇಬಿಗಿಳಿಯಿತು. ಮೈಕಿಗಾಗಿ ಹುಡುಕಿದವರಿಗೆ ಸಿಕ್ಕಿದ್ದು ಪ್ಯಾನಸಾನಿಕ್ ಕಂಪನಿಯ ಡಬ್ಲ್ಯುಎಂ-61ಎ ಕ್ಯಾಪ್ಸೂಲ್: ಅಡ್ಡಳತೆ 6 ಮಿಲಿಮೀಟರ್, ಅಂದರೆ ಕಡಲೆಕಾಳಿನಷ್ಟು, ಬೆಲೆ ಒಂದೆರಡು ಡಾಲರ್. ಬೆಸುಗೆ ಕಡ್ಡಿ ಹಿಡಿಯಲು ಬರುವವರು ಎರಡು ಕ್ಯಾಪ್ಸೂಲ್, ತೆಳು ತಂತಿ, ಒಂದು ಸ್ಟೀರಿಯೊ ಜ್ಯಾಕ್ ತಂದು ತಾವೇ ಜೋಡಿಸಿಕೊಂಡರು.

ಅಗ್ಗವೆಂದರೆ ಸಾಲದು, ಹೇಗೆ ಬಳಸಬೇಕೆಂಬ ತಿಳಿವಳಿಕೆಯೂ ಬೇಕಿತ್ತು. ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವ ಓಮ್ನಿ ಮೈಕಿನಲ್ಲಿ ಮಂದ್ರದ ಸ್ವರಗಳು ತುಂಬಿ ಬರುತ್ತವೆ, ಜೊತೆಗೆ ಪಕ್ಕದವರ ಮಾತೂ ಬರುತ್ತದೆ. ಮುಂದಿನದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಗದ್ದಲವನ್ನು ತಗ್ಗಿಸುತ್ತದೆ, ಆದರೆ ಅಗ್ಗದ ಪುಟ್ಟ ಕಾರ್ಡಿಯಾಯ್ಡುಗಳಲ್ಲಿ ಮಂದ್ರ ಸೊರಗುತ್ತದೆ. ಸದ್ದಡಗಿದ ಸಭಾಂಗಣಕ್ಕೆ ಓಮ್ನಿ, ಪ್ರತಿಧ್ವನಿಸುವ ಹಾಲಿಗೆ ಕಾರ್ಡಿಯಾಯ್ಡ್ ಎಂಬ ಲೆಕ್ಕ ಅನುಭವದಿಂದ ಬಂತು. ಓಮ್ನಿ ಜೋಡಿಯನ್ನು ಕನ್ನಡಕದ ಕಡ್ಡಿಗಳಿಗೆ, ಕಿವಿಗಳ ಹತ್ತಿರ ಸಿಕ್ಕಿಸಿದರೆ ತಲೆಯೇ ನಡುವಿನ ತಡೆಗೋಡೆ. ಒಂದು ಬದಿಯ ಧ್ವನಿ ಇನ್ನೊಂದು ಕಿವಿಯನ್ನು ತಲುಪಲು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಸಾಕು, ಅಷ್ಟರಿಂದಲೇ ಹೆಡ್‌ಫೋನಿನಲ್ಲಿ ಕೇಳುವವರಿಗೆ ಹಾಲಿನ ಎಡಬಲ ಗೊತ್ತಾಗುತ್ತದೆ. ರಾಕ್ ಕಛೇರಿಯ ಅಬ್ಬರಕ್ಕೆ ಮಿನಿಡಿಸ್ಕ್ ಯಂತ್ರ ಕೊಡುವ ಒಂದೆರಡು ವೋಲ್ಟ್ ಸಾಲದೆ ಧ್ವನಿ ಒಡೆಯುತ್ತಿತ್ತು. ಹಾಗಾಗಿ 9 ವೋಲ್ಟಿನ ಬ್ಯಾಟರಿಯಿರುವ ಪುಟ್ಟ ಡಬ್ಬಿಯೊಂದು ಬಳಕೆಗೆ ಬಂತು, ಮಂದ್ರವನ್ನು ತುಸು ಕಡಿಯುವ ಗುಂಡಿಯೂ ಅದರಲ್ಲೇ.

ಕರ್ನಾಟಕ ಸಂಗೀತದ ರಸಿಕರಿಗೂ ಈ ಹಂಬಲ ಹೊಸದಲ್ಲ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು-ನಾಲ್ಕು ನಿಮಿಷ. ರಾಗಂ-ತಾನಂ-ಪಲ್ಲವಿಯೊಂದೇ ತಾಸು ಮೀರಬಹುದು. ಮನೋಧರ್ಮ ಅರಳುವುದು ಕಛೇರಿಯಲ್ಲಿ, ಅದನ್ನು ಉಳಿಸಿಕೊಳ್ಳಲು ಬೆಂಗಳೂರು, ಮದ್ರಾಸು, ಮುಂಬಯಿಗಳಲ್ಲಿ ಸ್ಪೂಲ್ ರೆಕಾರ್ಡರ್ ಹೊತ್ತು ಸಭೆಗೆ ಬಂದವರಿದ್ದರು, ಆಮೇಲೆ ಕ್ಯಾಸೆಟ್ಟಿನವರು ಬಂದರು. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷಕ್ಕೆ ಮುಗಿಯುತ್ತದೆ. ನೆರವಲ್ ಕಾವೇರುತ್ತಿರುವಾಗ ಟಪ್ಪೆಂದು ನಿಂತು, ಸ್ವರಪ್ರಸ್ತಾರದ ನಡುವೆ ಮತ್ತೆ ಹತ್ತಿಕೊಳ್ಳುವ ಮುದ್ರಿಕೆಗಳು ಈ ಬಳಗದಲ್ಲಿ ಎಲ್ಲರಿಗೂ ಪರಿಚಿತ. ಹೀಗೆ ಮನೆಗಳಲ್ಲಿ ಉಳಿದ ಎಷ್ಟೋ ಕಛೇರಿಗಳನ್ನು ಸಂಗೀತಪ್ರಿಯದಂಥ ಸ್ವಯಂಸೇವಕರ ಬಳಗಗಳು ಕಾಸು ಪಡೆಯದೆ ಹಂಚಿವೆ.

ಕಾನೂನು ಕೊಂಚ ತಡವಾಗಿ ಬಂತು. ಅನುಮತಿಯಿಲ್ಲದ ಕಛೇರಿ ಮುದ್ರಣದ ವ್ಯಾಪಾರವನ್ನು ಅಮೆರಿಕ 1994ರಲ್ಲಿ ಅಪರಾಧವಾಗಿಸಿತು. ಭಾರತದ ಕೃತಿಸ್ವಾಮ್ಯ ಕಾಯಿದೆಗೆ ಪ್ರದರ್ಶಕರ ಹಕ್ಕು ಸೇರಿದ್ದೂ ಅದೇ ವರ್ಷದ ತಿದ್ದುಪಡಿಯಲ್ಲಿ. ಅದರ ಅವಧಿ ಮೊದಲು 25 ವರ್ಷ, 1999ರಲ್ಲಿ 50ಕ್ಕೆ ಏರಿತು. ಮುದ್ರಿಸಿದವನ ಖಾಸಗಿ ಬಳಕೆಗೆ, ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗೆ ಕಾಯಿದೆ ವಿನಾಯಿತಿ ಇಟ್ಟಿದೆ. ಕಲಾವಿದರ ಒಪ್ಪಿಗೆ ಕೇಳುವುದು ಕಾಯಿದೆಗೆ ಮೊದಲೂ ಮರ್ಯಾದೆಯ ಮಾತಾಗಿತ್ತು, ಈಗಲೂ ಹೌದು.

ಡಬ್ಲ್ಯುಎಂ-61ಎ ಈಗ ತಯಾರಾಗುತ್ತಿಲ್ಲ, ಅದರ ಜಾಗಕ್ಕೆ ಜಪಾನಿನ ಪ್ರಿಮೊ ಕಂಪನಿಯ ಕ್ಯಾಪ್ಸೂಲುಗಳು ಬಂದಿವೆ. ಪ್ರತಿ ಸಭಿಕನ ಕೈಯ ಫೋನಿನಲ್ಲೂ ಸಿಲಿಕಾನಿನಲ್ಲಿ ಕೆತ್ತಿದ ಮೆಮ್ಸ್ ಮೈಕು ಕೂತಿದೆ. ಆದರೆ ಫೋನು ಧ್ವನಿಯ ಮಟ್ಟವನ್ನು ತಾನೇ ಏರಿಳಿಸಿಬಿಡುತ್ತದೆ: ಮೃದಂಗದ ಒಂದು ಗಟ್ಟಿ ಪೆಟ್ಟಿಗೆ ಇಡೀ ಧ್ವನಿ ಕುಗ್ಗಿ, ಅದರೊಂದಿಗೆ ಪಿಟೀಲಿನ ಎಳೆಯೂ ಅಡಗಿ, ಮರುಗಳಿಗೆ ಮೇಲೇಳುತ್ತದೆ. ಅದನ್ನು ಸಹಿಸದವರು ಇವತ್ತಿಗೂ ಒಂದು ಜೋಡಿ ಎಲೆಕ್ಟ್ರೆಟ್ ಕ್ಯಾಪ್ಸೂಲು, ಮಟ್ಟವನ್ನು ಕೈಯಲ್ಲೇ ಹೊಂದಿಸಬಹುದಾದ ಪುಟ್ಟ ರೆಕಾರ್ಡರು ಹಿಡಿದು, ಕಛೇರಿಗೆ ಮೊದಲೇ ಕಲಾವಿದರನ್ನು ಕಂಡು ಕೇಳಿಕೊಂಡು, ನಡುವಿನ ಸಾಲಿನಲ್ಲಿ ಜಾಗ ಹಿಡಿಯುತ್ತಾರೆ.