ವಲಸೆ, ಗಡಿ, ಕಾದಂಬರಿ: ಮೇಲುಕೋಟೆ ಸೀಮೆಯ ಚರಿತ್ರೆಯನ್ನು ಕಥೆಯಾಗಿಸುವ ಪ್ರಶ್ನೆ

ಪಾಂಡವಪುರ ತಾಲ್ಲೂಕಿನ ತೊಣ್ಣೂರಿನ ಗುಡಿಗಳಲ್ಲಿ ತಮಿಳು ಶಾಸನಗಳು ಹಲವಿವೆ. ಸುತ್ತಲೂ ಕನ್ನಡದ ಊರುಗಳು, ಕಲ್ಲಿನ ಮೇಲೆ ತಮಿಳು. ಕಾವೇರಿಯ ಕೆಳಗಣ ನಾಡಿನಿಂದ ಒಂದು ಜನ ಬಂದು ಹೊಯ್ಸಳರ ನೆಲದಲ್ಲಿ ಬೇರು ಬಿಟ್ಟಿತು ಎನ್ನುವುದಕ್ಕೆ ಈ ಲಿಪಿಯೇ ಸಾಕ್ಷಿ. ರಾಮಾನುಜರು ಚೋಳರಾಜನ ಕಿರುಕುಳಕ್ಕೆ ಸಿಕ್ಕಿ ಬಿಳಿಯ ಬಟ್ಟೆಯುಟ್ಟು ಶ್ರೀರಂಗ ಬಿಟ್ಟರು, ಅವರ ಕಾಷಾಯವನ್ನು ತೊಟ್ಟು ಆಸ್ಥಾನಕ್ಕೆ ಹೋದ ಶಿಷ್ಯ ಕೂರೇಶರು ಕಣ್ಣು ಕಳೆದುಕೊಂಡರು ಎಂಬ ಕಥೆ ಶ್ರೀವೈಷ್ಣವ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ನೀಲಗಿರಿಯ ಕಾಡಿನಲ್ಲಿ ಬೇಡರು ಕೊಟ್ಟ ಜೇನು ಮತ್ತು ನವಣೆ ಹಿಟ್ಟು, ಮಿರ್ಲೆ, ಸಾಲಿಗ್ರಾಮ, ತೊಣ್ಣೂರು, ಕೊನೆಗೆ ಮೇಲುಕೋಟೆ: ಇದು ಆ ಪಯಣದ ಹಾದಿ.

ಇಂಥ ವಲಸೆಯ ಕಥೆ ಕಾದಂಬರಿಕಾರರನ್ನು ಸೆಳೆಯದೆ ಇರುವುದಿಲ್ಲ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾವ್ ಅವರ 4 ಸಂಪುಟಗಳ ‘ಪಟ್ಟಮಹಾದೇವಿ ಶಾಂತಲದೇವಿ’ ಈ ಕಾಲವನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದವು. ಎರಡನೆಯದಕ್ಕೆ 1983ರ ಮೂರ್ತಿದೇವಿ ಪ್ರಶಸ್ತಿಯೂ ಬಂತು. ಈ ಕೃತಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಕಾದಂಬರಿಯ ಕಣ್ಣು ಅರಮನೆಯ ಅಂಗಳ ಬಿಟ್ಟು ಹೊರಗೆ ಹೋದದ್ದು ಕಡಿಮೆ. ರಾಜ, ರಾಣಿ, ಗುರು ಈ ಮೂವರ ಸುತ್ತ ಕಥೆ ಸುತ್ತುತ್ತದೆ. ಗಡಿಯಲ್ಲಿ ಬದುಕಿದವರು, ವಲಸೆ ಬಂದವರಿಗೆ ಜಾಗ ಬಿಟ್ಟುಕೊಟ್ಟವರು, ಬಿಡಲಾರದೆ ಬಿಟ್ಟವರು ಹಿನ್ನೆಲೆಯಲ್ಲೇ ಉಳಿಯುತ್ತಾರೆ. ಈ ಸೀಮೆಯ ಚಾರಿತ್ರಿಕ ಕಾದಂಬರಿ ಗುರುಪರಂಪರೆಯ ಕಥೆಗಳಿಂದಲ್ಲ, ಶಾಸನಗಳಿಂದ ಹೊರಡಬೇಕು. ಹಾಗೆ ಹೊರಟರೆ ಈ ಮರೆತ ಜನರೇ ಮೊದಲು ಎದುರಾಗುತ್ತಾರೆ ಎಂಬುದು ನನ್ನ ವಾದ.

ಕಾಲದ ತೊಡಕನ್ನೇ ಮೊದಲು ನೋಡೋಣ. ಮೇಲುಕೋಟೆಯ ಸಂಪ್ರದಾಯದ ಪ್ರಕಾರ ರಾಮಾನುಜರು ತಿರುನಾರಾಯಣನನ್ನು ಕಂಡದ್ದು ಬಹುಧಾನ್ಯ ಸಂವತ್ಸರದ ಪುಷ್ಯ ಮಾಸದಲ್ಲಿ. ಅದು ಕ್ರಿ.ಶ. 1098–99ಕ್ಕೆ ಸರಿಹೊಂದುತ್ತದೆ. ಬಿಟ್ಟಿದೇವನೆಂದೂ ಹೆಸರಿದ್ದ ಹೊಯ್ಸಳ ಅರಸ ವಿಷ್ಣುವರ್ಧನ ಪಟ್ಟಕ್ಕೆ ಬಂದದ್ದು 1108ರಲ್ಲಿ. ಹಾಗಾದರೆ ಯತಿಗಳು ಮೇಲುಕೋಟೆಗೆ ಬಂದಾಗ ಬಿಟ್ಟಿದೇವ ಇನ್ನೂ ರಾಜಕುಮಾರ. ಮತಾಂತರವಾದ ಮೇಲೆ ಅವನು ವಿಷ್ಣುವರ್ಧನನಾದ ಎಂಬ ಪ್ರಸಿದ್ಧ ಮಾತೂ ಗಟ್ಟಿಯಾಗಿ ನಿಲ್ಲುವುದಿಲ್ಲ. ‘ಬಿಟ್ಟಿ’ ಎಂಬುದೇ ‘ವಿಷ್ಣು’ವಿನ ತದ್ಭವ. ಅವನ ಕಾಲದ ಶಾಸನಗಳಲ್ಲಿ ಈ ಮತಾಂತರದ ಪ್ರಸ್ತಾಪವೂ ಇಲ್ಲ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಅರಸ 1133ರಲ್ಲಿ ಹಳೇಬೀಡಿನ ಬಸದಿಯಿಂದ ಬಂದ ಪ್ರಸಾದವನ್ನು ಭಕ್ತಿಯಿಂದ ಸ್ವೀಕರಿಸಿ, ಅಲ್ಲಿಯ ತೀರ್ಥಂಕರನಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟ. ಆ ಬಸದಿಯನ್ನು ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪ. ಜೈನರನ್ನು ಅರಸ ಗಾಣಕ್ಕೆ ಹಾಕಿಸಿದನೆಂಬ ದಂತಕಥೆಯನ್ನು ಕಾದಂಬರಿಗೆ ತರುವ ಮೊದಲು ಈ ಕಲ್ಲನ್ನು ಒಮ್ಮೆ ಓದಬೇಕು.

ಗಡಿಯ ಯುದ್ಧ ನಡೆದದ್ದು ಮತಗಳ ನಡುವೆ ಅಲ್ಲ, ನಾಡುಗಳ ನಡುವೆ. 1116ರ ಸುಮಾರಿಗೆ ತಲಕಾಡು ಹೊಯ್ಸಳರ ಕೈಸೇರಿ, ಸುಮಾರು ನೂರು ವರ್ಷಗಳ ಚೋಳರ ಹಿಡಿತ ಕಳಚಿತು. ಆ ಯುದ್ಧವನ್ನು ಗೆದ್ದುಕೊಟ್ಟ ಗಂಗರಾಜ ಜೈನ. ಗೆಲುವಿನ ಉಡುಗೊರೆಯಾಗಿ ಅರಸ ಏನು ಬೇಕೆಂದು ಕೇಳಿದಾಗ ಅವನು ತಿಪ್ಪೂರನ್ನು ಪಡೆದು ಜೈನಗುರುವಿಗೆ ದತ್ತಿ ಬಿಟ್ಟ. ವೈಷ್ಣವ ವಲಸಿಗರು ಮೇಲುಕೋಟೆಯಲ್ಲಿ ನಿರ್ಭಯವಾಗಿ ಬದುಕಲು ನೆರವಾದ ಕತ್ತಿ ಒಬ್ಬ ಶ್ರಾವಕನದು. ಈ ಒಂದು ಸಂಗತಿಯಲ್ಲೇ ಇಡೀ ಕಾದಂಬರಿಗೆ ಸಾಕಾಗುವಷ್ಟು ದ್ವಂದ್ವವಿದೆ.

ನನ್ನನ್ನು ಇನ್ನೂ ಆಳವಾಗಿ ತಟ್ಟಿದ್ದು ಇನ್ನೊಬ್ಬ ಜೈನ ದಂಡನಾಯಕ ಪುಣಿಸನ ಶಾಸನ. ನೀಲಗಿರಿಯವರೆಗೆ ದಂಡು ಕೊಂಡೊಯ್ದವನು ಇವನು. ಚಾಮರಾಜನಗರದ 1117ರ ಆ ಶಾಸನ ಯುದ್ಧದ ಬಿರುದುಗಳನ್ನು ಹೇಳಿ ಸುಮ್ಮನಾಗುವುದಿಲ್ಲ. ಕೆಟ್ಟುಹೋದ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಕಳೆದುಕೊಂಡ ಕಿರಾತನಾಯಕ, ಇವರೆಲ್ಲರಿಗೂ ಅವನು ಕಳೆದುಕೊಂಡದ್ದನ್ನು ತುಂಬಿಕೊಟ್ಟನೆಂದು ಅದು ಹೇಳುತ್ತದೆ. ಹೊಗಳಿಕೆಯ ಪಾಲನ್ನು ಕಳೆದರೂ ಒಂದು ಸತ್ಯ ಉಳಿಯುತ್ತದೆ. ದಂಡು ಹಾದುಹೋದ ಮೇಲೆ ಗಡಿಯ ಊರುಗಳಲ್ಲಿ ಬೀಜದ ರಾಗಿಯೂ ಉಳಿದಿರಲಿಲ್ಲ. ರಾಮಾನುಜರ ಶಿಷ್ಯರು ನಡೆದು ಬಂದ ಸೀಮೆಯೂ ಇದೇ, ಕಾಲವೂ ಹೆಚ್ಚುಕಡಿಮೆ ಇದೇ. ಬೀಜವಿಲ್ಲದ ಆ ಒಕ್ಕಲಿಗನ ಜಗಲಿಯಿಂದ ಈ ವಲಸೆಯನ್ನು ನೋಡಿದ ಕಾದಂಬರಿಯನ್ನು ನಾನು ಇನ್ನೂ ಓದಿಲ್ಲ.

ವಲಸೆ ನೆಲೆಯಾದದ್ದು ಹೇಗೆ? ಅರಸನು ಕಾವೇರಿಯ ಎರಡೂ ದಡದ ಅಷ್ಟಗ್ರಾಮವನ್ನು ರಾಮಾನುಜರಿಗೆ ಕೊಟ್ಟನೆಂದೂ, ಅವರು ಅಲ್ಲಿಗೆ ಹೆಬ್ಬಾರರನ್ನೂ ಪ್ರಭುಗಳನ್ನೂ ನೇಮಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಲೂಯಿ ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ದಾಖಲಿಸಿದ ಒಂದು ಸಂಗತಿ ಇಲ್ಲಿಗೆ ಬಂದು ಸೇರುತ್ತದೆ. ಆ ಹೆಬ್ಬಾರರ ವಂಶದ ನಾಗಮಂಗಲದ ತಿಮ್ಮಣ್ಣ 1454ರಲ್ಲಿ ವಿಜಯನಗರಕ್ಕೆ ಹೋಗಿ ಈ ಸೀಮೆಯ ಅಧಿಕಾರ ಪಡೆದ. ಶ್ರೀರಂಗಪಟ್ಟಣದಲ್ಲಿ ಕೋಟೆ ಕಟ್ಟಿಸಿದ. ಅಲ್ಲಿಂದ 5 ಮೈಲಿ ದೂರದ ಕಳಸವಾಡಿಯಲ್ಲಿ 101 ಬಸದಿಗಳನ್ನು ಕೆಡವಿಸಿ, ಆ ಕಲ್ಲುಗಳಿಂದ ರಂಗನಾಥನ ಗುಡಿಯನ್ನು ಹಿರಿದು ಮಾಡಿಸಿದ. 101 ಎಂಬುದು ಎಣಿಕೆಗಿಂತ ಹೆಚ್ಚಾಗಿ ರೂಢಿಯ ಸಂಖ್ಯೆ ಇರಬಹುದು. ಆದರೆ ಇಂಥ ನೆನಪು ಸುಮ್ಮನೆ ಹುಟ್ಟುವುದಿಲ್ಲ.

ಇದಕ್ಕೆ 86 ವರ್ಷ ಮೊದಲು, 1368ರಲ್ಲಿ, ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದ್ದ. ಶ್ರವಣಬೆಳಗೊಳದ ಆ ಶಾಸನದಲ್ಲಿ ಮೇಲುಕೋಟೆಯವರೂ ಇದ್ದಾರೆ, ಅಸ್ಪೃಶ್ಯರೆನಿಸಿಕೊಂಡ ತಿರುಕುಲ, ಜಾಂಬವಕುಲದವರೂ ಇದ್ದಾರೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ 1 ಹಣ ಎತ್ತಿ, ಅದರಿಂದ ಬೆಳಗೊಳಕ್ಕೆ 20 ಕಾವಲುಗಾರರನ್ನು ಇಡಬೇಕು, ಉಳಿದದ್ದರಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಹೊಡೆಸಬೇಕು ಎಂದು ಗೊತ್ತುಪಡಿಸಲಾಯಿತು. ಕಾವಲು ಬೇಕಾಯಿತೆಂದರೆ ಭಯ ಇತ್ತೆಂದೇ ಅರ್ಥ. ಒಪ್ಪಂದವಾದ ನಾಡಿನಲ್ಲೇ ಮೂರು ತಲೆಮಾರು ಕಳೆಯುವಷ್ಟರಲ್ಲಿ ಕಳಸವಾಡಿಯ ಕಲ್ಲುಗಳು ಬಂಡಿ ಏರಿದವು. ಆ ಬಂಡಿ ಹೊಡೆದವರು ಯಾರು, ಕಲ್ಲು ಇಳಿಸಿಕೊಂಡ ಒಡ್ಡರಿಗೆ ಅದರ ಮೇಲಿನ ಕೆತ್ತನೆ ಕಂಡಿತೇ ಎಂದು ಇತಿಹಾಸಕಾರ ಕೇಳಲಾರ. ಕಾದಂಬರಿಕಾರ ಕೇಳಬಲ್ಲ, ಕೇಳಬೇಕು.

ಇಲ್ಲಿ ಅಮೆರಿಕದ ಮಾರ್ಮನ್ನರ ಉದಾಹರಣೆ ನಮಗೆ ಪಾಠವಾಗುತ್ತದೆ. 1844ರಲ್ಲಿ ತಮ್ಮ ಪ್ರವಾದಿ ಜೋಸೆಫ್ ಸ್ಮಿತ್ ಕೊಲೆಯಾದ ಮೇಲೆ ಅವರು ಬ್ರಿಗಮ್ ಯಂಗ್ ಹಿಂದೆ ಬಂಡಿ ಕಟ್ಟಿ ಪಶ್ಚಿಮಕ್ಕೆ ಹೊರಟು 1847ರಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದರು. ಕಿರುಕುಳ ಉಂಡ ಆ ಜನರೇ ಹತ್ತು ವರ್ಷದ ಬಳಿಕ, 1857ರ ಸೆಪ್ಟೆಂಬರ್ 11ರಂದು, ಮೌಂಟನ್ ಮೆಡೋಸ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸುಮಾರು 120 ವಲಸಿಗರನ್ನು ಕೊಂದು, ತಪ್ಪನ್ನು ಪಯೂಟ್ ಬುಡಕಟ್ಟಿನ ಮೇಲೆ ಹೊರಿಸಿದರು. ಈ ಘಟನೆಯನ್ನು ಹೊರಗಿನವರು ರೋಚಕ ಕಥೆಯಾಗಿಸಿದರು, ಒಳಗಿನವರು ಬಾಯಿ ಬಿಡಲಿಲ್ಲ. 1950ರಲ್ಲಿ ಅದರ ಚರಿತ್ರೆಯನ್ನು ದಾಖಲೆಗಳ ಬಲದಿಂದ ಬರೆದವರು ಜುವಾನಿಟಾ ಬ್ರೂಕ್ಸ್. ಅವರು ಮಾರ್ಮನ್ ಧರ್ಮದಲ್ಲೇ ಹುಟ್ಟಿದವರು, ಕೊನೆಯವರೆಗೂ ಅದರಲ್ಲೇ ಉಳಿದವರು. ತನ್ನವರನ್ನು ಪ್ರೀತಿಸುತ್ತಲೇ ತನ್ನವರ ತಪ್ಪನ್ನು ಬರೆಯಬಹುದೆಂದು ಅವರು ತೋರಿಸಿಕೊಟ್ಟರು. ಕಳಸವಾಡಿಯ ಕಾದಂಬರಿಯನ್ನು ಮೇಲುಕೋಟೆಯ ಮನೆಯಲ್ಲಿ ಬೆಳೆದ ಒಬ್ಬರು ಬರೆಯಲಿ ಎಂದು ನಾನು ಆಶಿಸುವುದು ಇದಕ್ಕೇ.

ದಂತಕಥೆಗಳನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅವುಗಳ ವಯಸ್ಸನ್ನು ಅರಿಯಬೇಕು. ಚೆಲುವಪಿಳ್ಳೆಯ ಉತ್ಸವಮೂರ್ತಿಯನ್ನು ರಾಮಾನುಜರು ದಿಲ್ಲಿಯ ಸುಲ್ತಾನನಿಂದ ಮರಳಿ ತಂದರು, ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಅದರ ಹಿಂದೆಯೇ ಬಂದಳು, ದಾರಿಯಲ್ಲಿ ತಿರುಕುಲದವರು ಮೂರ್ತಿಯನ್ನು ಕಾಪಾಡಿದರು ಎಂಬ ಕಥೆ ಇದೆ. ರಾಮಾನುಜರ ಕಾಲಕ್ಕೆ ದಿಲ್ಲಿಯಲ್ಲಿ ಸುಲ್ತಾನರೇ ಇರಲಿಲ್ಲ. ದೋರಸಮುದ್ರಕ್ಕೆ 1311ರಲ್ಲಿ ಮಲ್ಲಿಕ್ ಕಾಫರ್‌ನ ದಂಡು ಬಂತು. ಆ ರಾಜಧಾನಿ ಹಾಳಾದ ಮೇಲೆ ಹೊಯ್ಸಳರು ತೊಣ್ಣೂರಿನಲ್ಲಿ ಆಸರೆ ಕಂಡರು. 14ನೆಯ ಶತಮಾನದ ಆ ಗಾಯವನ್ನೇ ಜನ 12ನೆಯ ಶತಮಾನದ ಗುರುವಿನ ಕಥೆಯೊಳಗೆ ಇಟ್ಟರೆಂದು ನನಗೆ ತೋರುತ್ತದೆ. ತಿರುಕುಲದವರ ಪಾಲು ಮಾತ್ರ ಬರಿಯ ಕಥೆಯಲ್ಲ. ವರ್ಷಕ್ಕೆ 3 ದಿನ ಅವರಿಗಿದ್ದ ದೇವಾಲಯ ಪ್ರವೇಶದ ಹಕ್ಕನ್ನು 1800ರಲ್ಲಿ ಮೇಲುಕೋಟೆಗೆ ಬಂದ ಬುಕನನ್ ಬರೆದಿಟ್ಟಿದ್ದಾನೆ. ಉಳಿದ 362 ದಿನ ಅವರು ಎಲ್ಲಿ ನಿಂತಿದ್ದರು ಎನ್ನುವುದೂ ಈ ಕಥೆಯ ಭಾಗವೇ.

ಭಾಷೆಯ ಮಾತೊಂದು ಉಳಿದಿದೆ. ವಲಸೆ ಬಂದವರು ತಮಿಳಿನವರು, ಎದುರುಗೊಂಡವರು ಕನ್ನಡಿಗರು. ಇಬ್ಬರಿಗೂ ಒಂದೇ ಗ್ರಾಂಥಿಕ ಕನ್ನಡ ಕೊಟ್ಟರೆ ಗಡಿಯೇ ಅಳಿಸಿಹೋಗುತ್ತದೆ. ಹೆಬ್ಬಾರ್ ಮತ್ತು ಮಂಡ್ಯಂ ಅಯ್ಯಂಗಾರರ ಮನೆಮಾತಿನಲ್ಲಿ ಕನ್ನಡ ಬೆರೆತ ತಮಿಳು ಇಂದಿಗೂ ಕೇಳಿಸುತ್ತದೆ. ಕಾದಂಬರಿಕಾರನಿಗೆ ಅದು ಕೈಗೆಟುಕುವ ಆಕರ.

ಈ ಸೀಮೆ ಒಂದೇ ದೇವರದಾಗಿರಲಿಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಇನ್ನೂ ನಿಂತಿದೆ. ವಿಷ್ಣುವರ್ಧನನ ಮಗ ನರಸಿಂಹನ ಕಾಲದಲ್ಲಿ, 1171ರಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಬಮ್ಮವ್ವೆ ನಾಯಕಿತಿ ಬ್ರಹ್ಮೇಶ್ವರನಿಗೆ ಗುಡಿ ಕಟ್ಟಿಸಿದಳು. ಶಾಂತಲೆಯ ಮೇಲೆ ಅಷ್ಟು ಪುಟ ಬರೆದ ನಾವು ಬಮ್ಮವ್ವೆಯ ಮೇಲೆ ಒಂದು ಕಥೆಯನ್ನಾದರೂ ಬರೆಯಬೇಕಿತ್ತು.

ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟದಲ್ಲಿವೆ, ನಾಗಮಂಗಲದವು 7ನೆಯದರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪ್ರಕಟಿಸಿದ ಈ ಎರಡು ಸಂಪುಟಗಳನ್ನು ಈ ಸೀಮೆಯ ಮೇಲೆ ಕಾದಂಬರಿ ಬರೆಯಹೊರಟವರು ಮೊದಲ ಸಾಲು ಬರೆಯುವ ಮುನ್ನ ಮೇಜಿನ ಮೇಲಿಟ್ಟುಕೊಳ್ಳಲಿ.